ಕೊನೆಯ ಸಾಲಿಗೇ ಟಿಕ್ ಹಾಕುತ್ತಿದ್ದ ನಾನು, ನಮ್ಮ ಲಾಯರಮ್ಮ

ಎದುರಿಗೆ ಯಾರಾದರೂ ಮಾತಾಡಲು ಬಾಯಿ ತೆರೆದ ಕೂಡಲೇ ಲಾಯರಮ್ಮನ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಕನ್ನಡಕದ ಮೇಲಂಚಿನಿಂದ ಹೊರಬಂದು ಎದುರಿನವರ ತುಟಿಯ ಮೇಲೆ ನಿಲ್ಲುತ್ತಿತ್ತು. ಬಂದೂಕು ಹಿಡಿದವರು ಗುರಿ ಇಡುವುದು ಹಾಗೆ. ಮೊದಲ ದಿನ ಆ ಕಣ್ಣಿಗೆ ಸಿಕ್ಕಿದ ನಾನು, "ಹೆಸರೇನು?" ಅಂದದ್ದಕ್ಕೆ ನಮ್ಮಪ್ಪನ ಹೆಸರು ಹೇಳಿಬಿಟ್ಟೆ. "ನಿನ್ನ ಹೆಸರು ಕಣಪ್ಪ" ಅಂದಾಗ ತಾತನ ಹೆಸರು ಹೇಳಿದೆ. ಮೂರನೆಯ ಸಲ ಕೇಳಿದ್ದರೆ ನಮ್ಮ ವಂಶವೇ ಮುಗಿದುಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮಾವ ನನ್ನ ಹೆಸರು ಹೇಳಿ ಕಾಪಾಡಿದ.

ಆ ಕಣ್ಣಿನ ಗುಟ್ಟು ಆಮೇಲೆ ಗೊತ್ತಾಯಿತು. ಎಡಗಣ್ಣಿನ ದೃಷ್ಟಿ ಚಿಕ್ಕಂದಿನಿಂದಲೇ ಸರಿಯಿರಲಿಲ್ಲ. "ಎರ್ಡೂ ತೆರೆದ್ರೆ ನೀನು ಇಬ್ರು ಕಾಣ್ತೀಯ. ಒಬ್ಬ ದಡ್ಡನ್ನೇ ತಡ್ಕಳಕ್ಕಾಗಲ್ಲ ನನ್ಗೆ" ಅಂದಿದ್ದರು.

ಅವರು ಆಂಧ್ರದ ಗಡಿಯ ಕಲ್ಯಾಣದುರ್ಗದ ಕೋರ್ಟಿನಲ್ಲಿ ವಕೀಲರು. ಮದುವೆಯಾಗಿರಲಿಲ್ಲ. ತಂಗಿಯ ಸಂಸಾರದ ಜೊತೆ ಇದ್ದರು. ಮನೆಯ ಮುಂದಿನ ಕೋಣೆಯೇ ಆಫೀಸು. ಊರಿನವರು, ಕುಂದುರ್ಪಿ ಕಡೆಯ ಹಳ್ಳಿಯವರು ಎಲ್ಲರೂ "ಲಾಯರಮ್ಮ" ಅಂತಲೇ ಕರೆಯುತ್ತಿದ್ದರು. ನಮ್ಮ ಮಾವನದು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಹಾಗಾಗಿ ಪರಿಚಯ. ಇನ್ನು ಹಿಂದೂಪುರದವನಾದ ನಾನು ಅಲ್ಲಿಗೆ ಯಾಕೆ ಹೋದೆ ಅನ್ನುವುದಕ್ಕೆ ನನ್ನ ಘನಕಾರ್ಯವೊಂದನ್ನು ಹೇಳಬೇಕು.

ಇಂಟರ್, ಅಂದರೆ ನಿಮ್ಮ ಕಡೆಯ ಪಿಯುಸಿ, ಮುಗಿದ ವರ್ಷ ಲಾ ಎಂಟ್ರೆನ್ಸ್ ಬರೆದೆ. ಮನೆಯಲ್ಲಿ ಎಲ್ಲರ ಮಾತಿಗೂ ಎದುರು ಮಾತಾಡುತ್ತಿದ್ದೆನಾದ್ದರಿಂದ ಲಾಯರ್ ಆಗಲು ಹುಟ್ಟಿದವನು ಅಂತ ನಾನೇ ತೀರ್ಮಾನಿಸಿದ್ದೆ. ಆದರೆ ಆ ಪರೀಕ್ಷೆಯಲ್ಲಿ ಎದುರು ಮಾತಾಡಲು ಯಾರೂ ಇರಲಿಲ್ಲ. ಇಂಗ್ಲಿಷಿನಲ್ಲಿ ಒಂದೊಂದು ಪ್ಯಾಸೇಜು, ಅದರೊಳಗೆ ಒಂದು ವಾದ. ಆ ವಾದ ಏನು, ಅದರ ತೂತು ಎಲ್ಲಿ ಅಂತ ಬೇಗ ಹೇಳಬೇಕು. ಮೊದಲ ಪ್ಯಾಸೇಜು ಯಾವುದೋ ದೇಶದ ಮೀನುಗಾರರದ್ದು. ಒಂದು ಸಲ ಓದಿದೆ, ಮೀನುಗಾರರ ಮೇಲೆ ಅಯ್ಯೋ ಅನಿಸಿತು. ಇನ್ನೊಂದು ಸಲ ಓದಿದೆ, ಅಲ್ಲಿನ ಸರ್ಕಾರದ ಮೇಲೆ ಸಿಟ್ಟು ಬಂತು. ಮತ್ತೆ ಓದಿ ತಲೆಯೊಳಗೆ ತೆಲುಗಿಗೆ ಇಳಿಸಿದೆ. ತೆಲುಗಿನಿಂದ ಕನ್ನಡಕ್ಕೆ ತರುವಷ್ಟರಲ್ಲಿ ಅರ್ಧ ಟೈಮ್ ಮುಗಿಯಿತು ಅಂತ ಬೆಲ್ ಹೊಡೆಯಿತು.

ಅಲ್ಲಿಂದಾಚೆ ನಡೆದದ್ದು ತಮಾಷೆಯಲ್ಲ. ಬೆರಳು ತಣ್ಣಗಾದವು. ಪೆನ್ನು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಆಗಲಿಲ್ಲ. ಎದುರಿನ ಅಕ್ಷರಗಳು ಒಂದೊಂದಾಗಿ ಕಾಣುತ್ತಿದ್ದವು, ಪದವಾಗುತ್ತಿರಲಿಲ್ಲ. ಕಿವಿಯಲ್ಲಿ ನನ್ನ ಉಸಿರಿನದೇ ಸದ್ದು. ಪೇಪರ್ ಕಿತ್ತುಕೊಂಡು ಹೋದಮೇಲೂ ಕೂತೇ ಇದ್ದೆ. ಆಮೇಲೆ ವಾಚ್‌ಮನ್ ರಟ್ಟೆ ಹಿಡಿದು ಗೇಟಿನವರೆಗೆ ನಡೆಸಿದ. "ಫಸ್ಟ್ ಟೈಮಾ?" ಅಂದ. ಹೂಂ ಅಂದೆ. "ಮದುವೆಗೂ ಹಿಂಗೇ ಆಗ್ತದೆ" ಅಂದ.

ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು ಹೇಳಿದ, "ಇನ್ನೊಂದ್ಸಲ ಬರಿ. ಅದೇ ಕೊನೆ. ಆಗ್ಲಿಲ್ವಾ, ಶೆಡ್‌ಗೆ ಬಂದ್ಬುಡು."

ಶೆಡ್ಡು ಅಂದರೆ ನಮ್ಮ ಪವರ್‌ಲೂಮ್ ಶೆಡ್ಡು. ಅಪ್ಪ ಕೆಟ್ಟ ಮಾತೇನೂ ಹೇಳಲಿಲ್ಲ. ಆ ಶೆಡ್ಡೇ ನಮ್ಮನ್ನೆಲ್ಲ ಸಾಕಿದ್ದು. ಆದರೆ ಅಲ್ಲಿ ಮಗ್ಗ ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮಾತೊಂದೇ ಬಂಡವಾಳವಾಗಿದ್ದ ನನಗೆ ಅದು ದೊಡ್ಡ ಹೆದರಿಕೆ. ಅದಕ್ಕಿಂತ ದೊಡ್ಡದು, ಆ ಪರೀಕ್ಷೆಯ ಹಾಲಿನಲ್ಲಿ ಮತ್ತೆ ಹಾಗೇ ಆದರೆ ಅನ್ನುವುದು. ಅನ್ನ ಕಲಸುವಾಗ ಬೆರಳು ತಣ್ಣಗಾದರೂ ಬೆಚ್ಚಿ ಬೀಳುತ್ತಿದ್ದೆ.

ಹೀಗೆ ಎರಡನೆಯ ಪರೀಕ್ಷೆಗೆ ಕೆಲವು ತಿಂಗಳಿರುವಾಗ ನಾನು ಕಲ್ಯಾಣದುರ್ಗಕ್ಕೆ, ಮಾವನ ಮನೆಗೆ ಬಂದೆ. ಬೆಳಿಗ್ಗೆ ಸಂಜೆ ಲಾಯರಮ್ಮನ ಆಫೀಸಿನಲ್ಲಿ ಬೀರುವಿನ ಪಕ್ಕದ ಸ್ಟೂಲು ನನ್ನದಾಯಿತು.

ಅವರು ಪುಸ್ತಕ ತೆಗೆಯಲಿಲ್ಲ. "ಬರೋರ ಮಾತು ಕೇಳ್ತಾ ಕೂತ್ಕ. ಇವರಿಗೇನು ಬೇಕು ಅಂತ ಗೊತ್ತಾದ ಕೂಡ್ಲೇ ಮೇಜಿನ ಕಾಲಿಗೆ ಒಂದ್ಸಲ ಕುಟ್ಟು. ಅವ್ರಿಗ್ ಕೇಳಿಸ್ಬಾರ್ದು, ನನ್ಗ್ ಕೇಳಿಸ್ಬೇಕು" ಅಂದರು.

ಮೊದಲು ಬಂದವನು ಕುಂದುರ್ಪಿ ಕಡೆಯ ಒಬ್ಬ ಮುದುಕ. ಬಂದು ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಏಂ ಕಾವಾಲ ತಾತಾ? ಏನ್ ಬೇಕಿತ್ತು?" ಲಾಯರಮ್ಮ ಎಲ್ಲರನ್ನೂ ಹೀಗೇ ಎರಡು ಭಾಷೆಯಲ್ಲೂ ಕೇಳುತ್ತಿದ್ದರು.

"ಏನಿಲ್ಲ ಕಣಮ್ಮ. ಕುರಿಗೆ ಔಷ್ದಿ ತಗಂಡೋಗಣ ಅಂತ ಬಂದೆ. ಅಂಗೇ ನಿನ್ನೂ ನೋಡ್ಕಂಡ್ ಹೋಗಣ ಅಂತ."

ಆಮೇಲೆ ಕುರಿ ಶುರುವಾಯಿತು. ಪಕ್ಕದ ಮನೆಯವನ ಕುರಿ ಇವನ ಮಂದೆಯಲ್ಲಿ ಸೇರಿಕೊಂಡದ್ದು, ಕಿವಿಯ ಗುರುತಿನ ಜಗಳ. ಕುರಿ ಕಳ್ಳತನದ ಕೇಸು! ನಾನು ಕುಟ್ಟಿದೆ. ಲಾಯರಮ್ಮ ತಿರುಗಿಯೂ ನೋಡಲಿಲ್ಲ. ಮಾತು ಅಳಿಯನ ಕಡೆ ತಿರುಗಿತು. ಬೈಕಿನಿಂದ ಬಿದ್ದು ಮೊಣಕಾಲು ಮುರಿದಿತ್ತಂತೆ. ಇನ್ಶೂರೆನ್ಸ್! ಮತ್ತೆ ಕುಟ್ಟಿದೆ. ದೊಡ್ಡ ಮಗ ಮನೆ ಕಟ್ಟಿಸುತ್ತಿದ್ದಾನೆ ಅಂದ. ಗೋಡೆ ಜಗಳ! ಜೋರಾಗಿ ಕುಟ್ಟಿದೆ.

ಮುದುಕ ಬಗ್ಗಿ ಮೇಜಿನ ಕೆಳಗೆ ನೋಡಿದ. "ಇಲಿ ಸೇರ್ಕಂಡೈತೆ ಕಣಮ್ಮ."

"ಹೂಂ ತಾತ. ಹಿಂದೂಪುರದ್ದು" ಅಂದರು ಲಾಯರಮ್ಮ.

ಕಡೆಗೆ ಮುದುಕ ಎದ್ದ. "ಬತ್ತೀನಿ ತಾಯಿ" ಅಂದ. ಬಾಗಿಲು ದಾಟಿದ. ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ. ಇನ್ನೊಂದು ಕಾಲು ಹೊಸ್ತಿಲ ಮೇಲಿತ್ತು. ಆಗ ಏನೋ ನೆನಪಾದವನಂತೆ ತಿರುಗಿದ.

"ಅಂದಂಗೆ ಒಂದ್ ಮಾತು ಕಣಮ್ಮ. ನಾನ್ ಬದ್ಕಿರೋವಾಗ್ಲೇ ನನ್ ಮಗಳಿಗೂ ಒಂದ್ ತುಂಡು ನೆಲ ಬರ್ದಿಡಬೋದಾ? ಗಂಡುಡ್ಗರಿಗೆ ಗೊತ್ತಾಗ್ದಂಗೆ?"

"ಒಳಕ್ ಬಾ ತಾತ. ಈಗ ಕೂತ್ಕ" ಅಂದರು ಲಾಯರಮ್ಮ.

ಮುದುಕನ ಕೆಲಸ ಮುಗಿಸಿ ಕಳಿಸಿದ ಮೇಲೆ ಲಾಯರಮ್ಮ, ನಾನು ಮನೆಯಲ್ಲಿ ಮಾಡಿದ್ದ ಮಾಡೆಲ್ ಪೇಪರ್‌ಗಳನ್ನು ಎಳೆದುಕೊಂಡು ನೋಡತೊಡಗಿದರು. ಎಡಗಣ್ಣು ಮುಚ್ಚಿತು. ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ಅವರು ನಗುವುದು ಬೈಯುವುದಕ್ಕಿಂತ ಭಯಂಕರ.

"ಲೇ, ಎಲ್ಲಾದಕ್ಕೂ ಕೊನೇ ಸಾಲಿಗೇ ಟಿಕ್ ಹಾಕಿದೀಯಲ್ಲೋ! ಇವನ ವಾದದ ಸಾರ ಏನು ಅಂದ್ರೆ ಕೊನೇ ಸಾಲು. ಅವಳ ತೀರ್ಮಾನ ಏನು ಅಂದ್ರೆ ಕೊನೇ ಸಾಲು."

"ಕೊನೇಲ್ ತಾನೇ ಅಮ್ಮ ವಿಷ್ಯ ಹೇಳೋದು?"

"ಯಾರು ಹೇಳೋದು?"

ಯೋಚಿಸಿದೆ. ನಮ್ಮ ಮನೆಗೆ ಬರುವವರೆಲ್ಲ ಹಾಗೇ. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮುಗಿದು, ಕಾಫಿ ಕುಡಿದು, ಚಪ್ಪಲಿ ಮೆಟ್ಟುವಾಗ "ಅಂದಂಗೆ" ಅನ್ನುತ್ತಾರೆ. ಬಂದ ವಿಷಯ ಅದೇ. ಬಂದ ಕೂಡಲೇ ಬೇಕಾದದ್ದನ್ನು ಕೇಳಿದರೆ ನಮ್ಮ ಕಡೆ ಮರ್ಯಾದೆಯಲ್ಲ. ಕೇಳಿಸಿಕೊಳ್ಳುವವರಿಗೂ ಅದು ಗೊತ್ತು. ಅದಕ್ಕೇ ಚಪ್ಪಲಿಯವರೆಗೂ ಯಾರೂ ಗಮನವಿಟ್ಟು ಕೇಳುವುದಿಲ್ಲ.

"ಆ ಪೇಪರ್ ಬರ್ದೋನು ನಮ್ಮೋನಲ್ಲ ಕಣ್ಲಾ" ಅಂದರು ಲಾಯರಮ್ಮ. "ಅವ್ನು ವಿಷ್ಯನ ಮೊದ್ಲೇ ಹೇಳಿ ಆಮೇಲೆ ಕಾರಣ ಹೇಳ್ತಾನೆ. ಒಂದೊಂದ್ಸಲ ಮಧ್ಯದಾಗ್ ತುರುಕಿರ್ತಾನೆ. ನೀನು ಅವ್ನು ಚಪ್ಲಿ ಹಾಕ್ಕಳೋಗಂಟ ಮರ್ಯಾದೆಯಾಗ್ ಕಾಯ್ತಾ ಕೂತಿದೀಯ. ಅಷ್ಟೊತ್ಗೆ ಬೆಲ್ ಹೊಡೀತದೆ."

ಒಂದು ವರ್ಷ ನಾನು ನನ್ನ ತಲೆಯಲ್ಲಿ ಮಿದುಳೇ ಇಲ್ಲ ಅಂದುಕೊಂಡಿದ್ದೆ. ಇದ್ದದ್ದು ಬರೀ ಮರ್ಯಾದೆ ಅಂತ ತಿಳಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಮಾರನೆಯ ದಿನ ಒಂದು ಪ್ಯಾಸೇಜು ತಾವೇ ಬರೆದು ಕೊಟ್ಟರು. "ಹುಣಸೆಹಣ್ಣಿನ ಬೆಲೆ ಏರಿರುವುದಕ್ಕೆ ಕೋಲ್ಡ್ ಸ್ಟೋರೇಜುಗಳೇ ಕಾರಣ. ಊರಿನಲ್ಲಿ ಅವು ಹೆಚ್ಚಾದ ಮೇಲೆಯೇ ಬೆಲೆ ಏರಿದೆ. ವ್ಯಾಪಾರಿಗಳು ಈಗ ಹಣ್ಣನ್ನು ಬಹಳ ಕಾಲ ಕಾದಿಡಬಲ್ಲರು."

"ಇವನಿಗೇನು ಬೇಕು?"

"ಹುಣಸೆಹಣ್ಣು."

ಬಲಗಣ್ಣು ನನ್ನ ಮೇಲೇ ಇತ್ತು.

"ನಮ್ ಕೈಲಿ ಏನು ಒಪ್ಪಿಸ್ಬೇಕು ಅಂತವ್ನೆ?"

"ಕೋಲ್ಡ್ ಸ್ಟೋರೇಜಿಂದ್ಲೇ ಬೆಲೆ ಏರೈತೆ ಅಂತ."

"ಯಾಕಂತೆ?"

"ಅವು ಬಂದ್ಮೇಲೆ ಏರ್ತಲ್ಲ, ಅದಕ್ಕೆ."

"ಏನ್ ಹೇಳ್ದೆ ಬಿಟ್ಟ?"

"ನಮ್ಮಜ್ಜಿ ಹೇಳ್ತಾಳೆ ಅಮ್ಮ, ಆ ವರ್ಷ ಮರದಾಗಿನ ಹೂವೆಲ್ಲ ಉದ್ರೋಗಿತ್ತಂತೆ, ನಮ್ಮ ಚಿಕ್ಕಜ್ಜಿ ಊರಾಗಂತೂ..."

"ಜಡ್ಜು ನಿಮ್ಮಜ್ಜಿನ ಕರ್ಸಿದಾರಾ?"

"ಇಲ್ಲ."

"ಮತ್ಯಾಕೆ ಬಂದ್ಲು? ಅವಳ್ನ ಮನೇಗ್ ಕಳ್ಸು. ಆದ್ರೆ ಅವಳು ತಂದಿದ್ದು ಸರಿಯಾಗೈತೆ. ಬೆಲೆ ಏರಕ್ಕೆ ಬೇರೆ ಕಾರಣ ಇರಬೋದು. ಅದ್ನ ಇವ್ನು ನೋಡ್ಲೇ ಇಲ್ಲ. ಅಷ್ಟೇ ತೂತು. ಅಷ್ಟನ್ನೇ ಹಿಡ್ಕ."

ಅವರ ವಿದ್ಯೆಯೆಲ್ಲ ಆ ಪ್ರಶ್ನೆಗಳಲ್ಲೇ ಇತ್ತು. ಏನು ಬೇಕು, ಯಾಕಂತೆ, ಏನು ಹೇಳದೆ ಬಿಟ್ಟ. ಗಡಿಯಾರ ಮಾತ್ರ ಇಡುತ್ತಿರಲಿಲ್ಲ. ಗಡಿಯಾರ ನೋಡಿದರೆ ನನ್ನ ಬೆರಳು ತಣ್ಣಗಾಗುವುದನ್ನು ಅವರು ಗಮನಿಸಿದ್ದರು. ಅದರ ಬದಲು ಒಂದು ಲೋಟ ಬಿಸಿ ಟೀ ಎದುರಿಗಿಡುತ್ತಿದ್ದರು. ಪ್ಯಾಸೇಜಿನವನಿಗೆ ಏನು ಬೇಕು ಅಂತ ಹೇಳುವವರೆಗೂ ಕುಡಿಯುವಂತಿಲ್ಲ. ಮೊದಮೊದಲು ನಾನು ಕುಡಿದದ್ದು ಕೆನೆ ಕಟ್ಟಿದ, ನೊಣ ಈಜಿದ ಟೀ. ಆಮೇಲೆ ಉಗುರುಬೆಚ್ಚಗೆ ಸಿಗತೊಡಗಿತು. ಒಂದು ದಿನ ನಾಲಿಗೆ ಸುಟ್ಟಿತು. ಮಾವನ ಅಂಗಡಿಗೆ ಓಡಿಹೋಗಿ ಎಲ್ಲರಿಗೂ ನಾಲಿಗೆ ಚಾಚಿ ತೋರಿಸಿದೆ. ಜೆರಾಕ್ಸ್‌ಗೆ ನಿಂತಿದ್ದ ಗಿರಾಕಿಗಳು ಹಿಂದೆ ಸರಿದರು.

ಆದರೆ ಆಫೀಸಿನ ಟೀ ಬೇರೆ, ಪರೀಕ್ಷೆಯ ಹಾಲ್ ಬೇರೆ. ಪರೀಕ್ಷೆ ಹತ್ತಿರ ಬಂದಂತೆಲ್ಲ ಎದೆಯೊಳಗೆ ಮತ್ತೆ ಅದೇ ಶುರುವಾಯಿತು. ಯಾರಾದರೂ ಪೆನ್ನು ಕೆಳಗೆ ಬೀಳಿಸಿದರೆ ಸಾಕು, ಬೆನ್ನು ಬೆವರುತ್ತಿತ್ತು. ಲಾಯರಮ್ಮನಿಗೆ ಹೇಳುವ ಧೈರ್ಯವಿರಲಿಲ್ಲ. ಅವರು ಯಾರಿಗೂ ಹೆದರದ ಹೆಂಗಸು. ಎದುರಾಳಿ ವಕೀಲರೇ ಅವರನ್ನು ಕಂಡರೆ ಫೈಲು ಸರಿಮಾಡಿಕೊಳ್ಳುತ್ತಿದ್ದರು. ಅಂಥವರ ಮುಂದೆ ಪೆನ್ನಿನ ಸದ್ದಿಗೆ ಹೆದರುತ್ತೇನೆ ಅಂತ ಹೇಗೆ ಹೇಳುವುದು?

ಒಂದು ಬೆಳಿಗ್ಗೆ ಅವರು ಮನೆಯಲ್ಲಿ ಮರೆತ ಫೈಲು ಕೊಡಲು ಕೋರ್ಟಿಗೆ ಹೋದೆ. ಹಿಂಭಾಗದ ಬೇವಿನ ಮರದ ಹತ್ತಿರ ಕರಿ ಕೋಟು ಹಾಕಿಕೊಂಡು ಒಬ್ಬರೇ ನಿಂತಿದ್ದರು. ಸ್ಟೀಲ್ ಬಾಟಲಿಯಿಂದ ನೀರು ಕುಡಿಯಲು ನೋಡುತ್ತಿದ್ದರು. ಬಾಟಲಿ ಹಲ್ಲಿಗೆ ತಾಗಿ ಟಕಟಕ ಅನ್ನುತ್ತಿತ್ತು. ನೀರೆಲ್ಲ ಸೀರೆಯ ಮೇಲೆ. ಚಳಿಜ್ವರ ಬಂದವರಂತೆ ಕೈ ನಡುಗುತ್ತಿತ್ತು. ನನಗೆ ನನ್ನ ಭಯವೇ ಅವರ ಮೈಮೇಲೆ ಬಂದು ನಿಂತಂತೆ ಕಂಡಿತು. ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಅವರು ತಿರುಗಿದರು.

"ಏನ್ ನೋಡ್ತೀಯ? ಭಯ ಕಣ್ಲಾ."

"ನಿಮ್ಗಾ?"

"ಮತ್ತೆ ನಿಮ್ಮಜ್ಜಿಗಾ?"

"ಇಷ್ಟ್ ವರ್ಷ ಆದ್ಮೇಲೂನಾ ಅಮ್ಮ?"

"ದಿನಾ ಆಗ್ತದೆ. ಒಳಗೊಬ್ಬ ಮನುಷ್ಯ ನನ್ನ ನಂಬ್ಕಂಡು ಕೈ ಕಟ್ಕಂಡ್ ಕೂತವ್ನೆ. ಭಯ ಆಗ್ದೇ ಇರಕ್ಕೆ ನಾನೇನ್ ಕಲ್ಲಾ?" ಬಾಟಲಿ ನನ್ನ ಕೈಗಿಟ್ಟರು. "ನಿನ್ಗೂ ಆಗ್ತದಲ್ಲ, ನೋಡಿದೀನಿ. ಅದ್ನ ಓಡ್ಸಕ್ ಹೋಗ್ಬ್ಯಾಡ, ಓಡಲ್ಲ. ಮಾತಾಡ್ಸಕ್ಕೂ ಹೋಗ್ಬ್ಯಾಡ, ಬಿಡಲ್ಲ. ಅದ್ರ ಪಾಡಿಗೆ ಕೂತಿರ್ಲಿ. ನೀನು ಕೈಗ್ ಕೆಲ್ಸ ಕೊಡು. ಸಾಲಿನ ಕೆಳಗೆ ಗೆರೆ ಎಳಿ. ಏನ್ ಬೇಕು ಅನ್ನೋ ಸಾಲು ಸಿಕ್ತು ಅನ್ಕೋ, ಎಳಿ. ತಪ್ಪಾದ್ರೂ ಎಳಿ."

ಫೈಲು ತೆಗೆದುಕೊಂಡು ಒಳಗೆ ಹೋದರು. ಕೊನೆಯ ಬೆಂಚಿನಿಂದ ನೋಡಿದೆ. ಎದುರು ವಕೀಲರು ಬಹಳ ಹೊತ್ತು ಏನೇನೋ ಹೇಳಿ ಕೂತರು. ಲಾಯರಮ್ಮ ಎದ್ದು ತಮ್ಮ ಕಕ್ಷಿಗಾರನಿಗೆ ಬೇಕಾದದ್ದೇನು ಅಂತ ಮೊದಲ ವಾಕ್ಯದಲ್ಲೇ ಹೇಳಿದರು. ಧ್ವನಿ ಗಟ್ಟಿಯಾಗಿತ್ತು. ಮೇಜಿನ ಮರೆಯಲ್ಲಿ ಎಡಗೈ ನಡುಗುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು.

ಪರೀಕ್ಷೆಯ ದಿನ ಭಯ ನನಗಿಂತ ಮೊದಲೇ ಬಂದು ಹಾಲಿನಲ್ಲಿ ಕೂತಿತ್ತು. ಮೊದಲ ಪ್ಯಾಸೇಜು ತೆರೆದೆ. ಅಕ್ಷರಗಳು ಮತ್ತೆ ಒಂದೊಂದಾಗಿ ನಿಂತವು. ಬೆರಳು ತಣ್ಣಗಾದವು. ಸರಿ, ಶೆಡ್ಡೇ ಗತಿ ಅಂದುಕೊಂಡೆ. ಆದರೂ ಪೆನ್ಸಿಲ್ ಹಿಡಿದು ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ತಪ್ಪು ಸಾಲು. ಇನ್ನೊಂದು ಎಳೆದೆ. ಅದೂ ತಪ್ಪು. ಮೂರನೆಯದಕ್ಕೆ ಎಳೆಯುವಾಗ ಪದಗಳು ಕೂಡಿಕೊಂಡವು. "ಯಾಕಂತೆ?" ಅಂತ ಜೋರಾಗಿಯೇ ಅಂದುಬಿಟ್ಟೆ. ಮೇಲ್ವಿಚಾರಕರು ನನ್ನತ್ತ ಬಂದರು. ತಲೆ ಬಗ್ಗಿಸಿ ಗೆರೆ ಎಳೆಯುತ್ತಲೇ ಹೋದೆ. ಅಂಗಿ ಬೆನ್ನಿಗಂಟಿತ್ತು, ಆದರೆ ಕೈ ನಿಲ್ಲಲಿಲ್ಲ. ಬೆಲ್ಲಿಗೆ ಮುಂಚೆ ಮುಗಿಯಿತು.

ಸೀಟು ಸಿಕ್ಕಿತು. ಲಿಸ್ಟಿನ ತಳದಲ್ಲಿ, ದೂರದೂರಿನ ಕಾಲೇಜಿನಲ್ಲಿ. ಅಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದು, "ಏನಂದೆ?" ಅಂತ ಎರಡು ಸಲ ಕೇಳಿದ. ಲಾಯರಮ್ಮನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮಾವನಿಗೆ ಮಾಡಿದೆ.

"ಲಾಯರಮ್ಮ ಕೋರ್ಟಾಗೆ ಬಿದ್ಬುಟ್ರು ಕಣ್ಲಾ" ಅಂದ ಮಾವ. "ಸ್ಟ್ರೋಕಂತೆ. ಮಾತು ಹೋಗೈತೆ."

ಅವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಹೋದೆ. ಬಸ್ಸು ಪೆನುಕೊಂಡ ದಾಟಿದಾಗ ವಾಪಸ್ ಹೋಗಿಬಿಡೋಣ ಅನಿಸಿತು. ಅವರ ಮುಖ ನೋಡಲು ಹೆದರಿಕೆ. ಆಫೀಸು ಕೋಣೆಯಲ್ಲೇ ಮಂಚ ಹಾಕಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಎಡಗೈ ಒಂದರಲ್ಲೇ ಚಲನೆ. ಅವರ ತಂಗಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದರು. ತಂಗಿಯ ಗಂಡ ಬಾಗಿಲ ಬಳಿ ನಿಂತಿದ್ದರು. ಇಂಥ ಹೊತ್ತಿನಲ್ಲಿ ನನ್ನ ಸೀಟಿನ ಸುದ್ದಿ ಏನು ದೊಡ್ಡದು ಅಂತ ಬಾಯಿ ಮುಚ್ಚಿಕೊಂಡು ಕೂತೆ.

ನನ್ನನ್ನು ನೋಡಿದ ಕೂಡಲೇ ಅವರು ಗಂಜಿಯ ಚಮಚ ತಳ್ಳಿದರು. ಎಡಗೈ ಎತ್ತಿ ಗಾಳಿಯಲ್ಲಿ ಬರೆದು ತೋರಿಸಿದರು. ಗಂಟಲಿನಿಂದ ಒಂದು ಸದ್ದು ಬಂತು.

"ಪೆನ್ನು ಬೇಕಾ ಅಕ್ಕ?" ತಂಗಿ ಪೆನ್ನು ಕೊಟ್ಟರು. ಅವರು ಎಸೆದರು. ತಂಗಿಯ ಗಂಡ ಗಾಬರಿಯಿಂದ ಹತ್ತಿರ ಬಂದರು. "ಸೈನ್ ಹಾಕ್ಬೇಕಾ ಅತ್ತಿಗೆ? ಮನೇ ಪತ್ರಕ್ಕಾ?" ಲಾಯರಮ್ಮ ಇಲ್ಲ ಅನ್ನುವಂತೆ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರು. ಮತ್ತೆ ಬರೆದು ತೋರಿಸಿದರು, ನನ್ನ ಕಡೆಗೇ.

ಎಲ್ಲರೂ ನನ್ನನ್ನು ನೋಡಿದರು. ಯಾರಿಗೆ ಏನು ಬೇಕು ಅಂತ ತಿಳಿಯುವುದನ್ನು ಕಲಿಯಲು ತಿಂಗಳುಗಟ್ಟಲೆ ಇದೇ ಕೋಣೆಯಲ್ಲಿ ಕೂತವನು ನಾನೊಬ್ಬನೇ. "ಕೇಸಿನ ಫೈಲಾ ಅಮ್ಮ?" ಇಲ್ಲ. "ಬೇರೆ ವಕೀಲರಿಗೆ ಪತ್ರ ಬರೀಬೇಕಾ?" ಇಲ್ಲ. "ಕಿಟಕಿ ತೆಗೀಲಾ? ನೀರಾ? ಡಾಕ್ಟರ್ ಚೀಟಿನಾ?" ಅವರ ಕಣ್ಣಲ್ಲಿ ನೀರು ಬಂತು. ಇವರು ಹೀಗೇ ಕೇಳುತ್ತಾ ಕೇಳುತ್ತಾ ಹೋಗಿಬಿಟ್ಟರೆ, ಏನು ಕೇಳಿದರು ಅಂತ ತಿಳಿಯದೆ ನಾನು ಉಳಿದುಬಿಟ್ಟರೆ ಅನ್ನುವ ಭಯ ಬಂತು. ಅಂಥ ಭಯ ಯಾವ ಪರೀಕ್ಷೆಯ ಹಾಲಿನಲ್ಲೂ ಬಂದಿರಲಿಲ್ಲ.

ತಂಗಿಯೇ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ನನ್ನ ತಲೆಗೆ ಮೊಟಕಿದರು. "ಅಯ್ಯೋ ನಿನ್ನ! ನಿನ್ ಪರೀಕ್ಷೆ ಏನಾಯ್ತು ಅಂತ ಕಣಪ್ಪ ಕೇಳ್ತಿರೋದು!"

ನಾನು ಹೇಳಿದೆ. ಸೀಟು ಸಿಕ್ಕಿತು ಅಂದೆ, ಕಾಲೇಜು ಎಲ್ಲಿದೆ ಅಂದೆ. ಅವರ ಕೈ ಇನ್ನೂ ಮೇಲೇ ಇತ್ತು. ತೋರುಬೆರಳಿನಿಂದ ಚಲಿಸದ ಬಲಗೈಯ ಮಣಿಕಟ್ಟಿನ ಹತ್ತಿರ, ವಾಚು ಕಟ್ಟುವ ಜಾಗವನ್ನು ತೋರಿಸಲು ನೋಡಿದರು. ಅದೊಂದು ಮಾತ್ರ ನನಗೆ ಯಾರೂ ಹೇಳಿಕೊಡದೆ ತಿಳಿಯಿತು.

"ಟೈಮ್ ಉಳೀತು ಅಮ್ಮ. ಬೆಲ್ ಹೊಡ್ಯೋಕ್ ಮುಂಚೇನೇ ಮುಗೀತು."

ಕೈ ಹಾಸಿಗೆಯ ಮೇಲೆ ಇಳಿಯಿತು. ತಂಗಿ ಮತ್ತೆ ಗಂಜಿ ಹಿಡಿದರು. ಈ ಸಲ ಕುಡಿದರು.

ನಾನು ಕಾಲೇಜು ಸೇರಿ ಮೊದಲ ರಜೆ ಬರುವ ಮುಂಚೆಯೇ ಅವರು ತೀರಿಕೊಂಡರು. ಮಾವ ಫೋನಿನಲ್ಲಿ ಹೇಳಿದ. ಕೋರ್ಟಿನವರು, ಹಳ್ಳಿಯವರು ಎಲ್ಲ ಬಂದಿದ್ದರಂತೆ. ಬಂದ ಹಳ್ಳಿಯವರಲ್ಲಿ ಕೆಲವರು ತಮ್ಮ ಕೇಸು ಇನ್ನು ಯಾರು ನೋಡುತ್ತಾರೆ ಅಂತ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದರಂತೆ.

ಈ ವರ್ಷ ನಮಗೆ ಸಾಕ್ಷ್ಯದ ಕಾನೂನು ಪಾಠವಿದೆ. ಮಾತಾಡಲಾಗದ ಸಾಕ್ಷಿಯೊಬ್ಬರು ಕೋರ್ಟಿನಲ್ಲಿ ಸನ್ನೆ ಮಾಡಿ ಹೇಳಿದರೆ ಅದೂ ಬಾಯಿಮಾತಿನ ಸಾಕ್ಷ್ಯವೇ ಅನ್ನುವ ಸೆಕ್ಷನ್ನು ಅದರಲ್ಲಿದೆ. ಟೆಸ್ಟಿನಲ್ಲಿ ಅದಕ್ಕೊಂದು ಉದಾಹರಣೆ ಬರೆಯಲು ಹೇಳಿದರು. ಪಕ್ಕದವರೆಲ್ಲ ಕೊಲೆಗಾರನ ಕಡೆ ಬೆರಳು ತೋರಿಸುವ ಮೂಕ ಸಾಕ್ಷಿಯನ್ನು ಬರೆದರು. ನಾನು ಮಂಚದ ಮೇಲೆ ಮಲಗಿ, ಹುಡುಗನೊಬ್ಬನ ಪರೀಕ್ಷೆ ಏನಾಯಿತೆಂದು ಗಾಳಿಯಲ್ಲಿ ಬರೆದು ಕೇಳಿದ ಹೆಂಗಸಿನ ಬಗ್ಗೆ ಬರೆದೆ. ಕೋರ್ಟಿಲ್ಲ, ಅಪರಾಧವಿಲ್ಲ, ಆರೋಪಿಯಿಲ್ಲ. ಮೇಷ್ಟ್ರು ಕೆಂಪು ಇಂಕಿನಲ್ಲಿ ಅಡ್ಡಗೆರೆ ಹೊಡೆದು ಸೊನ್ನೆ ಕೊಟ್ಟರು.

ಸೊನ್ನೆ ಸರಿಯಾಗಿಯೇ ಇದೆ. ಲಾಯರಮ್ಮನ ಕೈಗೆ ಕೊಟ್ಟಿದ್ದರೂ ಅಷ್ಟೇ ಕೊಡುತ್ತಿದ್ದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ, "ಎಲ್ಲಿಗ್ ಎದ್ದೆ? ಕೂತ್ಕ. ಇನ್ನೊಂದ್ಸಲ ಬರಿ" ಅನ್ನುತ್ತಿದ್ದರು.